ಒಂದು ಬೆರಳು ಹೆಚ್ಚಿನ ದೋಣಿ

ನಮ್ಮ ಮಂಚಕ್ಕೂ ಹಾಸಿಗೆಗೂ ನಡುವೆ, ಕಾಲು ಚಾಚುವ ಕಡೆ, ಒಂದು ಬೆರಳಗಲದ ಸಂದು ಇದೆ. ಮದುವೆಯಾದ ವರ್ಷದಿಂದಲೂ ಇದೆ. ಹತ್ತಿಯ ಹಾಸಿಗೆ ಹೋಗಿ ತೆಂಗಿನ ನಾರಿನದು ಬಂತು, ನಾರಿನದು ಹೋಗಿ ಫೋಮ್ ಬಂತು, ಸಂದು ಮಾತ್ರ ಎಲ್ಲಿಗೂ ಹೋಗಲಿಲ್ಲ. ಮಂಚದ ಸುತ್ತ ಎತ್ತರದ ಪಟ್ಟಿ ಇರುವುದರಿಂದ ಅಲ್ಲಿ ಬಿದ್ದ ವಸ್ತು ನೆಲಕ್ಕೆ ಬೀಳದೆ ಹಲಗೆಯ ಮೇಲೆ ನಿಲ್ಲುತ್ತದೆ. ಹಬ್ಬಕ್ಕೆ ಮನೆ ಸ್ವಚ್ಛ ಮಾಡುವಾಗ ಹಾಸಿಗೆ ಎತ್ತಿದರೆ ಹಿಂದಿನ ವರ್ಷವೆಲ್ಲ ಅಲ್ಲಿ ಸಾಲಾಗಿ ಮಲಗಿರುತ್ತದೆ. ಹೇರ್‌ಪಿನ್ನು, ಬಸ್ ಪಾಸು, ಅತ್ತೆಯವರ ಜಪಮಣಿ, ಒಮ್ಮೆ ನನ್ನ ಪತ್ರಿಕೆಯ ಗುರುತಿನ ಚೀಟಿ. ಆ ಚೀಟಿ ಕಳೆದುಹೋಗಿದೆ ಎಂದು ಕಚೇರಿಯಲ್ಲಿ ಅರ್ಜಿ ಬರೆದುಕೊಟ್ಟು, ಹೊಸದನ್ನು ಪಡೆದು, ಅದನ್ನೂ ಅಲ್ಲೇ ಬೀಳಿಸಿದವಳು ನಾನು.

ಇದಕ್ಕೆಲ್ಲ ಶಿವಾಜಿನಗರದ ಬಾಷಾ ಸಾಹೇಬರೇ ಕಾರಣ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಮ್ಮ ಮೊದಲ ಹಾಸಿಗೆ ಹೊಲಿದುಕೊಟ್ಟವರು ಅವರು. ಮಂಚದ ಅಳತೆ ನಾನೇ ತೆಗೆದು ಕೊಟ್ಟಿದ್ದೆ. ಹಾಸಿಗೆ ಬಂತು, ಹಾಸಿದೆವು, ಗಿಡ್ಡ. ಮನೆಯಲ್ಲಿದ್ದ ಉಕ್ಕಿನ ಸ್ಕೇಲು ಹಿಡಿದು ಅಳೆದೆ. ಹೇಳಿದ್ದಕ್ಕಿಂತ ಒಂದು ಬೆರಳು ಕಡಿಮೆ. ಆಗಷ್ಟೇ ಪತ್ರಿಕೆಯ ಡೆಸ್ಕಿಗೆ ಸೇರಿದ್ದೆ, ಸಾಕ್ಷ್ಯವಿಲ್ಲದೆ ಯಾರ ಮೇಲೂ ಬರೆಯಬಾರದು ಎಂದು ಹಿರಿಯರು ದಿನಾ ಹೇಳುತ್ತಿದ್ದರು. ಈಗ ಸಾಕ್ಷ್ಯ ಕೈಯಲ್ಲೇ ಇತ್ತು. ಹಾಸಿಗೆಯನ್ನು ಆಟೋದ ಮೇಲೆ ಕಟ್ಟಿಸಿಕೊಂಡು ಹೋಗಿ ಅಂಗಡಿಯ ಮುಂದೆ ಇಳಿಸಿದೆ.

ಬಾಷಾ ಸಾಹೇಬರು ತಮ್ಮ ಗಜಕೋಲು ತಂದು ಅಳೆದು, "ಅಮ್ಮಾ, ಬರೋಬ್ಬರ್ ಐತೆ. ಚೀಟೀಲಿ ನೀವೇನು ಬರ್ದಿದ್ರೋ ಅಷ್ಟೇ ಐತೆ" ಅಂದರು.

"ನಿಮ್ಮ ಗಜ ನಿಮಗೆ ಬೇಕಾದ ಹಾಗೆ ಹೇಳುತ್ತೆ" ಅಂದೆ.

ಅವರು ನಕ್ಕರು. ಮಾತಿಗೆ ಮಾತು ಬೆಳೆಸದೆ ಅಂಚಿಗೆ ಸ್ವಲ್ಪ ಹತ್ತಿ ತುಂಬಿ ಹೊಲಿದುಕೊಟ್ಟರು. ಆ ಹತ್ತಿ ಕೆಲವೇ ತಿಂಗಳಲ್ಲಿ ಅದುಮಿಹೋಗಿ ಸಂದು ಮತ್ತೆ ಬಾಯಿ ತೆರೆಯಿತು. ಮುಂದಿನ ಹಾಸಿಗೆಗೂ ಅವರ ಹತ್ತಿರವೇ ಹೋದೆ, ಆಗಲೂ ಗಿಡ್ಡ. ಫೋಮಿನದನ್ನು ಬೇರೆ ಕಡೆ ಮಾಡಿಸಿದೆ. ಅದೂ ಗಿಡ್ಡವಾದಾಗ ಸುದ್ದಿ ಎರಡನೆಯ ಮೂಲದಿಂದಲೂ ಖಚಿತವಾದಂತಾಯಿತು. ಹಾಸಿಗೆಯವರೆಲ್ಲ ಒಂದೇ ಎಂದು ತೀರ್ಮಾನಿಸಿ ಕಡತ ಮುಚ್ಚಿದೆ.

ಈಗ ಆ ಕಡತ ಮತ್ತೆ ತೆರೆದಿದೆ. ಅದಕ್ಕೆ ಕಾರಣ ಜೋಗುಪಾಳ್ಯದ ನಮ್ಮ ಮನೆಯ ನಡುಮನೆಯಲ್ಲಿ ಅರ್ಧ ನಿಂತಿರುವ ಒಂದು ಮರದ ದೋಣಿ.

ದೋಣಿ ಯಾಕೆ ಎಂದು ನೀವೂ ಕೇಳುತ್ತೀರಿ. ಬೀದಿಯವರೆಲ್ಲ ಕೇಳಿದ್ದಾರೆ. ಹೇಳಬೇಕಾದರೆ ನಮ್ಮ ಮನೆಯವರಿಂದಲೇ ಶುರು ಮಾಡಬೇಕು.

ಇವರು ವಿಮಾನಪುರದಲ್ಲಿ, ವಿಮಾನದ ಕಾರ್ಖಾನೆಯಲ್ಲಿ ಇದ್ದವರು. ಮದುವೆ ಮಾತುಕತೆಯಲ್ಲಿ "ಹುಡುಗ ವಿಮಾನ ಮಾಡ್ತಾನೆ" ಎಂದು ನಮ್ಮ ಸೋದರತ್ತೆ ಹೇಳಿದ್ದರು. ಆಮೇಲೆ ನೋಡಿದರೆ ಹುಡುಗ ಮರಗೆಲಸ ಮಾಡುತ್ತಿದ್ದ. ವಿಮಾನಕ್ಕೂ ಮರಕ್ಕೂ ಏನು ಸಂಬಂಧ ಎಂದು ಅನುಮಾನಪಟ್ಟಿದ್ದೆ. ಇವರೇ ಬಿಡಿಸಿ ಹೇಳಿದರು. ಕರಗಿಸಿದ ಲೋಹವನ್ನು ಮರಳಿನ ಅಚ್ಚಿಗೆ ಸುರಿದು ಭಾಗಗಳನ್ನು ಎರಕ ಹೊಯ್ಯುತ್ತಾರಂತೆ. ಮರಳಿನಲ್ಲಿ ಆ ಅಚ್ಚು ಮೂಡಬೇಕಾದರೆ ಅದೇ ಆಕಾರದ ಮರದ ಮಾದರಿ ಬೇಕು. ಆ ಮಾದರಿ ಮಾಡುವವರು ಪ್ಯಾಟರ್ನ್ ಶಾಪಿನವರು, ಇವರು ಅವರಲ್ಲಿ ಒಬ್ಬರು. ಲೋಹದ ಭಾಗ ಹಾರಿಹೋಗುತ್ತದೆ, ಮರದ ಮಾದರಿ ಕಪಾಟಿನಲ್ಲಿ ಉಳಿಯುತ್ತದೆ. "ನಂದು ಯಾವತ್ತೂ ಮೇಲೆ ಹೋಗಲ್ಲ" ಎಂದು ಇವರು ನಗುತ್ತಾ ಹೇಳುತ್ತಿದ್ದರು.

ಇಂಥ ಕೆಲಸದವರಿಗೆ ನೇರ ಗೆರೆ ಕಂಡರೆ ತಾತ್ಸಾರ. ಮೇಜು, ಕುರ್ಚಿ, ಕಪಾಟು ಎಲ್ಲ ಇವರ ಪ್ರಕಾರ "ಡಬ್ಬ". ಮರ ಬಾಗಬೇಕು, ಉಬ್ಬಬೇಕು, ಒಳಗೆ ಹೋಗಿ ಹೊರಗೆ ಬರಬೇಕು. ಮದುವೆಯ ಹೊಸತರಲ್ಲಿ ನಾವಿಬ್ಬರೂ ಮೊದಲ ಸಲ ಹೊರಗೆ ಹೋದದ್ದು ಹಲಸೂರು ಕೆರೆಗೆ. ದೋಣಿ ಹತ್ತಿದೆವು. ನಾನು ರೇಷ್ಮೆ ಸೀರೆ ಉಟ್ಟು, ಸಂಪಿಗೆ ಮುಡಿದು, ಎದುರಿಗೆ ಕೂತಿದ್ದೆ. ಇವರು ನನ್ನ ಕಡೆ ಒಂದು ಸಲ ನೋಡಿ, ಪಕ್ಕಕ್ಕೆ ಬಾಗಿ, ದೋಣಿಯ ಹೊಟ್ಟೆಯನ್ನು ಅಂಗೈಯಿಂದ ಸವರತೊಡಗಿದರು. ದಡ ಸೇರುವವರೆಗೂ ಸವರಿದರು. ಇಳಿಯುವಾಗ "ಚೆನ್ನಾಗಿದೆ" ಅಂದರು. ನನಗೆ ಹೇಳಿದ್ದೋ ದೋಣಿಗೆ ಹೇಳಿದ್ದೋ ಎಂಬುದನ್ನು ನಾನು ಇವತ್ತಿನವರೆಗೆ ದೃಢಪಡಿಸಿಕೊಂಡಿಲ್ಲ.

ನಮ್ಮ ಮಂಚ ಅದೇ ವರ್ಷ ಇವರ ಕೈಯಲ್ಲಿ ಆದದ್ದು. ಅದು ಡಬ್ಬವಾಗದಿರಲಿ ಎಂದು ತಲೆಯ ಕಡೆ ಅಲೆಯಂತೆ ಬಾಗಿಸಿದ್ದಾರೆ. ಒರಗಿ ಕೂತರೆ ಬೆನ್ನಿಗೆ ಒತ್ತುತ್ತದೆ. ಬಂದವರೆಲ್ಲ ಹೊಗಳುತ್ತಾರೆ.

ಕಳೆದ ವರ್ಷ ಒಂದು ಬೆಳಗ್ಗೆ ಪತ್ರಿಕೆ ಓದುತ್ತಿದ್ದ ಇವರ ಕೈಯಿಂದ ಅದು ಜಾರಿತು. ಎತ್ತಿಕೊಳ್ಳಲು ಬಾಗಿದರು, ಕೈ ಬರಲಿಲ್ಲ. ಪಾರ್ಶ್ವವಾಯು. ಎದುರು ಮನೆಯ ಸೆಲ್ವಿಯ ಗಂಡ ಆಟೋ ತೆಗೆದು, ಹಾರ್ನ್ ಒತ್ತಿಕೊಂಡೇ ಆಸ್ಪತ್ರೆಗೆ ತಲುಪಿಸಿದ. ಬೇಗ ಬಂದದ್ದು ಒಳ್ಳೆಯದಾಯಿತು ಎಂದು ವೈದ್ಯರು ಹೇಳಿದರು. ಕಾಲು ಬೇಗ ಸರಿಹೋಯಿತು. ಬಲಗೈ ಮತ್ತು ಮಾತು ಹಿಂದೆ ಉಳಿದವು. ಮನಸ್ಸಿನಲ್ಲಿ ಎಲ್ಲ ಸರಿಯಾಗಿದೆ, ಬಾಯಿಗೆ ಬರುವಾಗ ಮಾತು ಸಾಲು ತಪ್ಪುತ್ತದೆ. ಒಮ್ಮೆ ನೆಂಟರ ಮುಂದೆ ಕಾಫಿ ಕೇಳಲು ಹೋಗಿ "ಚಪ್ಪಲಿ" ಅಂದರು. ನೆಂಟರು ಕೆಟ್ಟವರಲ್ಲ, ತಡೆಯಲಾರದೆ ನಕ್ಕರು. ಅವತ್ತಿನಿಂದ ಇವರು ಮಾತು ನಿಲ್ಲಿಸಿದರು. ಬೇಕಾದರೆ ಬೆರಳು ತೋರಿಸುವುದು, ಬೇಡವಾದರೆ ಕಣ್ಣು ಮುಚ್ಚುವುದು. ಫೋನ್ ಬಂದರೆ ಎದ್ದು ಒಳಗೆ ಹೋಗುವುದು.

ವ್ಯಾಯಾಮ ಮಾಡಿಸಲು ಕೆ.ಆರ್. ಪುರದಿಂದ ಶ್ರುತಿ ಎಂಬ ಹುಡುಗಿ ಮೆಟ್ರೋದಲ್ಲಿ ಬರುತ್ತಾಳೆ. ಫಿಸಿಯೋಥೆರಪಿ ಓದಿದವಳು, ಬಾಯ್ತುಂಬ ಮಾತು. ಅವಳು ಹಳದಿ ರಬ್ಬರ್ ಚೆಂಡು ಕೊಟ್ಟು, "ಅಂಕಲ್, ಒತ್ತಿ, ಬಿಡಿ, ಒತ್ತಿ, ಬಿಡಿ" ಎಂದಳು. ಇವರು ಚೆಂಡನ್ನು ನೋಡಿದರು, ಅವಳನ್ನು ನೋಡಿದರು, ಎಡಗೈಯಿಂದ ಅದನ್ನು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿದರು. ಚಪಾತಿ ಹಿಟ್ಟು ಕೊಟ್ಟೆವು. ಕಣ್ಣು ಮುಚ್ಚಿದರು. ಬಟ್ಟೆಯ ಕ್ಲಿಪ್ಪು, ಬಟಾಣಿ, ಮಣಿ, ಯಾವುದಕ್ಕೂ ಕಣ್ಣು ತೆರೆಯಲಿಲ್ಲ.

ಶ್ರುತಿ ನನ್ನನ್ನು ಅಡುಗೆಮನೆಗೆ ಕರೆದಳು. "ಆಂಟಿ, ನಿಜ ಹೇಳ್ಬಿಡ್ತೀನಿ. ಈಗಿನ ತಿಂಗಳುಗಳು ತುಂಬ ಮುಖ್ಯ. ಈಗ ಕೈ ಉಪಯೋಗಿಸ್ಲಿಲ್ಲ ಅಂದ್ರೆ, ಆಮೇಲೆ ಕೈ ಇದೆ ಅನ್ನೋದೇ ಮೈಗೆ ಮರ್ತ್‌ಹೋಗುತ್ತೆ. ಅಂಕಲ್‌ಗೆ ಏನಿಷ್ಟ?"

"ಮರ."

"ಹಾಗಾದ್ರೆ ಮರ ಕೊಡಿ. ಕೈ ಬಗ್ಗೆ ಯೋಚ್ನೆನೇ ಮಾಡ್ಬಾರ್ದು ಅವ್ರು. ಬೇರೆ ಏನೋ ಯೋಚ್ನೆ ಮಾಡ್ತಿರ್ಬೇಕು, ಕೈ ತಾನಾಗೇ ಹಿಂದಿಂದ ಬರ್ಬೇಕು."

ನಾನು ಜೋಡಿಸುವ ಸ್ಟೂಲು ತಂದೆ. ನಾಲ್ಕು ಕಾಲು, ಒಂದು ಹಲಗೆ. ಇವರು ಪೆಟ್ಟಿಗೆಯೊಳಗೆ ಇಣುಕಿ, ಬಹಳ ದಿನದ ಮೇಲೆ ಒಂದು ಮಾತಾಡಿದರು. "ಡಬ್ಬ." ಮತ್ತೆ ಕಣ್ಣು ಮುಚ್ಚಿದರು.

ಆವತ್ತು ಸಂಜೆ ಹಲಸೂರು ಕೆರೆಯ ಪಕ್ಕದಲ್ಲಿ ಆಟೋದಲ್ಲಿ ಬರುವಾಗ ದೋಣಿಯ ಹೊಟ್ಟೆ ಸವರಿದ ಕೈ ನೆನಪಾಯಿತು. ಡಬ್ಬವಲ್ಲದ, ಮನೆಯಲ್ಲೇ ಮಾಡಬಹುದಾದ, ಬಾಗುವ ವಸ್ತು. ನಾನು ಅವಸರದ ನಿರ್ಧಾರ ಮಾಡುವವಳಲ್ಲ. ಬದುಕೆಲ್ಲ ಬೇರೆಯವರ ಅವಸರವನ್ನು ತಿದ್ದಿ ಪುಟ ಕಟ್ಟಿದವಳು. ಆದರೂ ಮನೆ ತಲುಪುವಷ್ಟರಲ್ಲಿ ದೋಣಿ ನಿರ್ಧಾರವಾಗಿತ್ತು.

ನನ್ನ ಅನುಭವವನ್ನೂ ದಾಖಲಿಸಿಬಿಡುತ್ತೇನೆ. ಚಿಕ್ಕಂದಿನಲ್ಲಿ ಹಲಸೂರಿನ ಬಜಾರು ಬೀದಿಯಲ್ಲಿ, ಅಪ್ಪ ಓದಿ ಮುಗಿಸಿದ ಪತ್ರಿಕೆಯಿಂದ ಚರಂಡಿಗೆ ದೋಣಿ ಮಾಡಿ ಬಿಡುತ್ತಿದ್ದೆ. ಇವತ್ತಿನ ಪತ್ರಿಕೆ ಮುಟ್ಟಿದರೆ ಏಟು, ನಿನ್ನೆಯದಾದರೆ ಅಡ್ಡಿಯಿಲ್ಲ. ಹಾಗಾಗಿ ನನ್ನ ದೋಣಿಗಳೆಲ್ಲ ಹಳೆಯ ಸುದ್ದಿ ಹೊತ್ತುಕೊಂಡೇ ಮುಳುಗಿದವು. ನೀರಿನಲ್ಲಿ ಸಾಗುವ ವಾಹನ ಕಟ್ಟುವುದರಲ್ಲಿ ನನಗೆ ಇದ್ದ ತರಬೇತಿ ಅಷ್ಟೇ. ಹೊಸಬರೂ ಮಾಡಬಹುದೆಂಬ ಒಂದು ಪುಟ್ಟ ದೋಣಿಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಹುಡುಕಿ ಮುದ್ರಿಸಿಕೊಂಡೆ. ಏಳಡಿ ಉದ್ದ, ಚಪ್ಪಟೆ ತಳ, ಬಾಗಿದ ಎರಡು ಪಕ್ಕ, ಮೂತಿ ಕಡೆ ಚೂಪು.

ಪ್ಲೈವುಡ್ಡಿಗೆ ಶಿವಾಜಿನಗರಕ್ಕೆ ಹೋದೆ. ಹಾಸಿಗೆ ಹೊಲಿಸುವವರು ಕಡಿಮೆಯಾದ ಮೇಲೆ ಬಾಷಾ ಸಾಹೇಬರ ಮಗ ಇರ್ಫಾನ್ ಅದೇ ಅಂಗಡಿಯಲ್ಲಿ ಪ್ಲೈವುಡ್ ಇಟ್ಟಿದ್ದಾನೆ. ಸಾಹೇಬರು ಈಗ ಫ್ರೇಜರ್ ಟೌನಿನ ಮನೆಯಲ್ಲೇ ಇರುತ್ತಾರೆ. ಹಳೆಯ ಜಗಳವಿದ್ದರೂ ಗೊತ್ತಿರುವ ಅಂಗಡಿ ಗೊತ್ತಿರುವ ಅಂಗಡಿಯೇ.

"ಬೋಟಾ?" ಇರ್ಫಾನ್ ಪೆನ್ನನ್ನು ಕಿವಿಯಿಂದ ತೆಗೆದ. "ಅಮ್ಮಾ, ಕಿಚನ್ ಕಬೋರ್ಡಿಗೆ ಪ್ಲೈ ಕೊಡ್ತೀನಿ, ವಾರ್ಡ್‌ರೋಬ್‌ಗೆ ಕೊಡ್ತೀನಿ. ಬೋಟಿಗೆ ಇದೇ ಫಸ್ಟು. ಸಾರ್ ಹೆಂಗವ್ರೆ?"

ಹೇಳಿದೆ. ಅವನು ಒಳಗಿನಿಂದ ಒಂದು ಹಲಗೆ ಎಳೆದು ತೋರಿಸಿ, "ವಾಟರ್‌ಪ್ರೂಫ್ ಒಳ್ಳೇದು ಕೊಡ್ತೀನಿ. ನೀರಿಗೆ ಇಳೀಲಿ ಬಿಡ್ಲಿ, ಸಾರ್ ಮುಟ್ಟೋ ಮರ, ನೈಸಾಗಿರ್ಬೇಕು" ಅಂದ.

ಪಕ್ಕದ ಹಲಗೆಗಳಿಗೆ ಬಾಗು ಬೇಕಾದ್ದರಿಂದ ಅವನ್ನು ಮನೆಯಲ್ಲೇ ಗುರುತು ಹಾಕಿ ಕತ್ತರಿಸುವುದು, ತಳ ಮತ್ತು ಒಳಗಿನ ಅಡ್ಡಪಟ್ಟಿಗಳನ್ನು ಅವನೇ ಅಳತೆಯಂತೆ ಯಂತ್ರದಲ್ಲಿ ಕತ್ತರಿಸಿ ಕಳಿಸುವುದು ಎಂದು ಮಾತಾಯಿತು.

ನಡುಮನೆಯ ಸೋಫಾ ಸೆಲ್ವಿಯ ಮನೆಗೆ ಹೋಯಿತು. ಇವರ ಹಳೆಯ ಟ್ರಂಕು ಹೊರಬಂತು. ಅದರಲ್ಲಿ ಉಜ್ಜುಗೊರಡು, ಉಳಿಗಳು, ಮತ್ತು ಆ ಉಕ್ಕಿನ ಸ್ಕೇಲು. ಇವರು ಕೆಲಸ ಕಲಿಯುವಾಗ ಹಿರಿಯ ಮೇಸ್ತ್ರಿಯೊಬ್ಬರು ನಿವೃತ್ತರಾಗಿ ಹೋಗುವಾಗ ಕೊಟ್ಟದ್ದಂತೆ. ನಮ್ಮ ಮನೆಯಲ್ಲಿ ಮಂಚದಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲದಕ್ಕೂ ಅದೇ ಸ್ಕೇಲು. ಮೊದಲು ಅದರಿಂದ ಬಾಗಿಲನ್ನು ಅಳೆದೆ. ಕಟ್ಟಿದ ಮೇಲೆ ದೋಣಿ ಹೊರಗೆ ಬರದೆ ಹೋದರೆ ನಗೆಪಾಟಲು. ಮಗ್ಗುಲು ಮಾಡಿದರೆ ಬರುತ್ತದೆ ಎಂದು ಖಾತ್ರಿಯಾಯಿತು. ಆಮೇಲೆ ಹಲಗೆಗಳ ಮೇಲೆ ಬಗ್ಗಿ, ಅಳೆದು, ಗುರುತು ಹಾಕಿ, ಸೆಲ್ವಿಯ ಗಂಡನ ಕೈಯಲ್ಲಿ ಗರಗಸ ಹಿಡಿಸಿ ಕತ್ತರಿಸಿದೆವು. ಇವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ಮರ ಮನೆಗೆ ಬಂದರೆ ತಾವಾಗಿ ಎದ್ದು ಬರುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಉಜ್ಜುಗೊರಡನ್ನು ತೊಡೆಯ ಮೇಲೆ ಇಟ್ಟೆ. ಬಹಳ ಹೊತ್ತು ಅದನ್ನು ನೋಡಿ, ಎಡಗೈಯಿಂದ ಪಕ್ಕಕ್ಕೆ ಇಟ್ಟರು. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಮಲಗಿತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ.

ಸೆಲ್ವಿ ಮಾತ್ರ ದಿನಾ ಬಂದಳು. ಮೊದಲ ದಿನ, "ಏನಕ್ಕಾ ಇದು, ಡೈನಿಂಗ್ ಟೇಬಲ್ಲಾ?" ಎಂದು ಕೇಳಿದ್ದಳು.

"ದೋಣಿ."

"ದೋಣೀನಾ! ಅಯ್ಯೋ ಮುರುಗಾ! ನಮ್ ಬೀದೀಲಿ ಸ್ಕೂಟರ್ ನಿಲ್ಸಕ್ಕೇ ಜಾಗ ಇಲ್ಲ, ನೀವ್ ದೋಣಿ ಎಲ್ಲಿ ಬಿಡ್ತೀರಾ?"

"ಅದಿನ್ನೂ ಯೋಚ್ನೆ ಮಾಡಿಲ್ಲ."

"ಮಳೆ ಜೋರಾಗ್ ಬಂದ್ರೆ ರಿಂಗ್ ರೋಡಲ್ಲಿ ಬಿಡ್ಬೋದು ಬಿಡಿ. ಐಟಿಯವ್ರನ್ನ ಹತ್ತಿಸ್ಕೊಳ್ಳಿ. ನಮ್ ಮನೆಯವ್ರು ಆಟೋ ನಿಲ್ಸಿ ನಿಮ್ ಹತ್ರ ಕೆಲ್ಸಕ್ ಬರ್ತಾರೆ." ಕುರ್ಚಿಯ ಕಡೆ ತಿರುಗಿ, "ಏನಣ್ಣಾ, ಮೀಟರ್ ಹಾಕ್ತೀರೋ ಇಲ್ವೋ?" ಎಂದಳು. ಇವರು ತಿರುಗಲಿಲ್ಲ. ಅವಳು ಅದನ್ನು ಗಮನಿಸದವಳಂತೆ ಮರದ ಪುಡಿ ಗುಡಿಸಿ, ಚಟ್ನಿ ಇಟ್ಟು ಹೋದಳು. ನಾವು ಕಷ್ಟದಲ್ಲಿದ್ದೇವೆ ಎಂದು ಅವಳು ಯಾವತ್ತೂ ಹೇಳಲಿಲ್ಲ, ಚಟ್ನಿ ಜಾಸ್ತಿಯಾಯಿತು ಎಂದೇ ಹೇಳಿದಳು.

ಇರ್ಫಾನ್ ಕಳಿಸಿದ ತಳ ಮತ್ತು ಅಡ್ಡಪಟ್ಟಿಗಳು ಬಂದ ಬೆಳಗ್ಗೆ ಶ್ರುತಿಯೂ ಇದ್ದಳು. ಮೂವರು ಹೆಂಗಸರು ಸೇರಿ ಪಕ್ಕದ ಹಲಗೆಗಳನ್ನು ನಿಲ್ಲಿಸಿ, ಮೂತಿಯ ಕಡೆ ಹಗ್ಗದಿಂದ ಬಿಗಿದು, ಅಡ್ಡಪಟ್ಟಿ ಇಟ್ಟೆವು. ಚಪ್ಪಟೆ ಹಲಗೆ ನಮ್ಮ ಕಣ್ಣೆದುರಿಗೇ ನಿಧಾನವಾಗಿ ಬಾಗಿ ಹೊಟ್ಟೆಯಾಯಿತು. ಸೆಲ್ವಿ "ಬಸುರಿ ಹೆಂಗ್ಸಿನ್ ಥರ ಇದೆ" ಅಂದಳು. ಆಮೇಲೆ ತಳದ ಹಲಗೆ ಇಟ್ಟು ನೋಡಿದೆವು.

ಗಿಡ್ಡ. ಹಿಂದಿನ ತುದಿಯಲ್ಲಿ ಒಂದೂವರೆ ಬೆರಳಿನಷ್ಟು ಬೆಳಕು ಕಾಣುತ್ತಿತ್ತು. ಅಡ್ಡಪಟ್ಟಿಗಳೂ ನೋಡಿದರೆ ಸಡಿಲ.

ಸ್ಕೇಲು ಹಿಡಿದು ತಳವನ್ನು ಅಳೆದೆ. ಏಳಡಿ ಇರಲಿಲ್ಲ. ನನ್ನೊಳಗೆ ಎಷ್ಟೋ ವರ್ಷದ ಹಾಸಿಗೆ ಎದ್ದು ಕೂತಿತು.

"ಅಪ್ಪನೂ ಹೀಗೇ, ಮಗನೂ ಹೀಗೇ!" ಎಂದು ಫೋನ್ ತೆಗೆದೆ. "ಇರ್ಫಾನ್, ನಿಮ್ಮನೆಯವರಿಗೆ ನಮ್ಮನೆ ಅಂದ್ರೆ ಏನು? ನಿಮ್ಮಪ್ಪ ಹಾಸಿಗೆಯಲ್ಲಿ ಒಂದು ಬೆರಳು ನುಂಗಿದ್ರು, ನೀನು ದೋಣಿಯಲ್ಲಿ ಒಂದೂವರೆ ಬೆರಳು ನುಂಗಿದ್ದೀಯ!"

"ಅಮ್ಮಾ, ಗರಂ ಆಗ್ಬೇಡಿ. ಟೇಪ್ ತಗೊಂಡು ನಾನೇ ಬರ್ತೀನಿ" ಎಂದ.

ಫೋನ್ ಇಟ್ಟು ತಿರುಗಿದರೆ ಇವರ ಮೈ ನಡುಗುತ್ತಿತ್ತು. ಭುಜ ಕುಲುಕುತ್ತಿದೆ, ತಲೆ ಬಾಗಿದೆ, ಗಂಟಲಿನಿಂದ ಒಂದು ಥರ ಸದ್ದು ಬರುತ್ತಿದೆ. ನನ್ನ ಕೈಯಿಂದ ಸ್ಕೇಲು ಬಿತ್ತು. ಎರಡನೆಯ ಸಲ ಬಂದರೆ ಕಷ್ಟ ಎಂದು ವೈದ್ಯರು ಹೇಳಿದ್ದರು. "ಸೆಲ್ವೀ, ಆಟೋ!" ಎಂದು ಕೂಗಿದೆ. ಶ್ರುತಿ ಓಡಿಹೋಗಿ ಇವರ ಮುಖ ಎತ್ತಿ ನೋಡಿದಳು.

"ಆಂಟಿ," ಅಂದಳು, "ಅಂಕಲ್ ನಗ್ತಿದಾರೆ."

ನಗುತ್ತಿದ್ದರು. ಕಣ್ಣಿನಲ್ಲಿ ನೀರು, ಬಾಯಿ ಒಂದು ಕಡೆಗೆ ಸೊಟ್ಟ, ಉಸಿರು ಸಿಗದಷ್ಟು ನಗು. ಎಡಗೈಯಿಂದ ನೆಲದ ಮೇಲೆ ಬಿದ್ದ ಸ್ಕೇಲನ್ನು ತೋರಿಸಿದರು, ಒಳಗಿನ ಕೋಣೆಯ ಮಂಚವನ್ನು ತೋರಿಸಿದರು, ಮತ್ತೆ ಸ್ಕೇಲನ್ನು ತೋರಿಸಿದರು. ನಗು ಉಕ್ಕಿ ಬಂದು ಮತ್ತೆ ಬಾಗಿದರು.

ಇರ್ಫಾನ್ ಬಂದವನೇ ಮೊದಲು ತಳ ಅಳೆದ. ಏಳಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನಾನು ಸ್ಕೇಲು ಕೊಟ್ಟೆ. ಅವನು ಟೇಪನ್ನೂ ಸ್ಕೇಲನ್ನೂ ಪಕ್ಕಪಕ್ಕ ಇಟ್ಟ. ಮೊದಲ ಗೆರೆಗಳು ಒಂದಕ್ಕೊಂದು ಕೂತವು. ಮುಂದೆ ಹೋದಂತೆ ಸ್ಕೇಲಿನ ಗೆರೆಗಳು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿದವು. ತುದಿಯಲ್ಲಿ ನೋಡಿದರೆ ಸ್ಕೇಲಿನ ಒಂದು ಅಡಿ ಟೇಪಿನ ಒಂದು ಅಡಿಗಿಂತ ಚೂರು ಉದ್ದ.

"ಯಾ ಅಲ್ಲಾ," ಅಂದ ಇರ್ಫಾನ್. "ಇದ್ಯಾವ ಊರಿನ ಅಡಿ?"

ಇವರ ಬಾಯಲ್ಲಿ ಮಾತು ಒಂದೊಂದಾಗಿ ಬಂತು. "ಲೋಹ." ತಡೆದರು. "ಆರಿದ್ರೆ." ಎಡಗೈಯ ಹೆಬ್ಬೆರಳು, ತೋರುಬೆರಳನ್ನು ಹತ್ತಿರ ತಂದು ತೋರಿಸಿದರು. "ಕುಗ್ಗುತ್ತೆ."

ಆಗ ಅರ್ಥವಾಯಿತು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಆದ್ದರಿಂದ ಮರದ ಮಾದರಿಯನ್ನು ಬೇಕಾದ್ದಕ್ಕಿಂತ ಚೂರು ದೊಡ್ಡದಾಗಿಯೇ ಮಾಡಬೇಕು. ಪ್ರತಿಯೊಂದಕ್ಕೂ ಲೆಕ್ಕ ಹಾಕುತ್ತ ಕೂರದಿರಲೆಂದು ಪ್ಯಾಟರ್ನ್ ಶಾಪಿನವರ ಸ್ಕೇಲಿನಲ್ಲೇ ಆ ಹೆಚ್ಚುವರಿಯನ್ನು ಸೇರಿಸಿ ಗೆರೆ ಕೊರೆದಿರುತ್ತಾರೆ. ಸ್ಕೇಲಿನ ಮೂಲೆಯಲ್ಲಿ ಆ ಮಾತನ್ನು ಸಣ್ಣ ಅಕ್ಷರದಲ್ಲಿ ಕೆತ್ತಿಯೂ ಇದ್ದರು. ಪುಟದ ಮೂಲೆಯ ಅತಿ ಸಣ್ಣ ಅಕ್ಷರದ ತಪ್ಪನ್ನೂ ಹಿಡಿಯುತ್ತಾಳೆ ಎಂದು ಕಚೇರಿಯಲ್ಲಿ ಹೆಸರಾಗಿದ್ದ ನಾನು ಅದನ್ನು ಇಷ್ಟು ಕಾಲವೂ ತುಕ್ಕು ಎಂದುಕೊಂಡಿದ್ದೆ.

ಹಾಗಾದರೆ ನಮ್ಮ ಮನೆಯಲ್ಲಿ ಆ ಸ್ಕೇಲು ಮುಟ್ಟಿದ್ದೆಲ್ಲ ಒಂದು ಚೂರು ದೊಡ್ಡದು. ಅದರಲ್ಲೇ ಅಳೆದವುಗಳು ಒಂದಕ್ಕೊಂದು ಸರಿಹೊಂದಿಕೊಂಡಿವೆ. ಹೊರಗಿನಿಂದ ಬಂದದ್ದು ಮಾತ್ರ ಗಿಡ್ಡ. ಸದ್ಯ, ಬಾಗಿಲನ್ನೂ ಅದರಲ್ಲೇ ಅಳೆದಿದ್ದೆ.

"ರೀ," ಅಂದೆ, "ನಿಮಗೆ ಗೊತ್ತಿತ್ತಾ? ಹಾಸಿಗೆ ವಿಷಯ?"

ತಲೆ ಅಲ್ಲಾಡಿಸಿದರು. ಗೊತ್ತಿತ್ತು.

"ಆವತ್ತೇ?"

ಹೌದು.

"ಮತ್ತೆ ಯಾಕೆ ಹೇಳ್ಲಿಲ್ಲ?"

ಸ್ವಲ್ಪ ಯೋಚಿಸಿದರು. ಸೆಲ್ವಿ, ಶ್ರುತಿ, ಇರ್ಫಾನ್ ಎಲ್ಲ ಕಾದರು. "ಹೆದ್ರಿಕೆ," ಅಂದರು.

ಸೆಲ್ವಿ ನೆಲದ ಮೇಲೆ ಕೂತು ನಕ್ಕಳು. ನಾನು ಆಟೋದ ಮೇಲೆ ಹಾಸಿಗೆ ಕಟ್ಟಿಸಿಕೊಂಡು ಹೋಗುವುದನ್ನು ಇವರು ಬಾಗಿಲಲ್ಲಿ ನಿಂತು ನೋಡಿದ್ದು ಈಗ ನೆನಪಾಯಿತು. ಏನೋ ಹೇಳಲು ಬಾಯಿ ತೆರೆದಿದ್ದರು. ಆಟೋ ಹೊರಟಿತ್ತು. ನಾನು ಹಿಂದೆ ಬರುವಾಗ ಜಗಳ ಗೆದ್ದು ಬಂದಿದ್ದೆ. ಗೆದ್ದವಳಿಗೆ ಹೇಳುವುದು ಹೇಗೆ?

ಇರ್ಫಾನ್ ಆಗಲೇ ಅಪ್ಪನಿಗೆ ಫೋನ್ ಹಚ್ಚಿದ್ದ. "ಅಬ್ಬಾ, ಹಾಸಿಗೆ ಅಮ್ಮನ ಮನೇಲಿದೀನಿ. ಕೇಸ್ ಖಲಾಸ್. ಅವ್ರ ಸ್ಕೇಲೇ ಉದ್ದ ಐತೆ." ಸ್ಪೀಕರ್ ಹಾಕಿ ಮುಂದೆ ಹಿಡಿದ. ಮಾತಾಡಬೇಕಾದವಳು ನಾನು. ಅಷ್ಟರಲ್ಲಿ ಇವರು ಎಡಗೈ ಚಾಚಿ ಫೋನನ್ನು ಕೇಳಿದರು. ಫೋನೆಂದರೆ ಎದ್ದು ಹೋಗುತ್ತಿದ್ದವರು ಬಾಯಿಯ ಹತ್ತಿರ ಹಿಡಿದುಕೊಂಡರು. ತುಟಿ ಆಡಿತು, ನಿಂತಿತು. ಶ್ರುತಿ ಸನ್ನೆಯಿಂದಲೇ ನಮ್ಮನ್ನೆಲ್ಲ ಸುಮ್ಮನಿರಿಸಿದಳು. ಆ ಕಡೆಯಿಂದಲೂ ಯಾರೂ ಅವಸರ ಮಾಡಲಿಲ್ಲ.

"ನಿಮ್ಮ," ಅಂದರು. "ಅಳತೆ." ಉಸಿರು ತೆಗೆದುಕೊಂಡರು. "ಸರಿಯಾಗಿತ್ತು. ಸಾಹೇಬ್ರೇ."

ಒಂದು ಮಾತೂ ಸಾಲು ತಪ್ಪಿರಲಿಲ್ಲ.

ಮುದಿ ದನಿ ನಿಧಾನವಾಗಿ ಬಂತು. "ಸಾರ್, ನಂಗ್ ಗೊತ್ತಿತ್ತು. ನಮ್ಮನೇಲಿ ಎಲ್ಲಾರ್ಗೂ ಹೇಳ್ತಿದ್ದೆ, ಹಲಸೂರ್ ಕಡೆ ಒಂದ್ ಮನೆ ಐತೆ, ಅವ್ರ ಮಂಚ ಬೆಳೀತಾ ಐತೆ ಅಂತ. ಇನ್ನೂ ಬೆಳೀತೈತಾ?"

ಇವರು ಮತ್ತೆ ನಗಲು ಶುರುಮಾಡಿದರು. ನಾನು ಫೋನ್ ಇಸಿದುಕೊಂಡು ಕ್ಷಮೆ ಕೇಳಿದೆ. "ಅರೆ ಬಿಡಿ ಅಮ್ಮಾ, ನೀವು ಜಗಳ ಆಡಿದ್ರೂ ಎರಡ್ನೇ ಹಾಸಿಗೇಗೂ ನಮ್ ಹತ್ರಾನೇ ಬಂದ್ರಿ" ಅಂದರು. ತಿದ್ದುಪಡಿಗೆ ಇಷ್ಟು ಒಳ್ಳೆಯ ಉತ್ತರ ನನ್ನ ವೃತ್ತಿಯಲ್ಲಿ ಸಿಕ್ಕಿರಲಿಲ್ಲ.

ತಳವನ್ನೂ ಅಡ್ಡಪಟ್ಟಿಗಳನ್ನೂ ನಮ್ಮ ಸ್ಕೇಲಿನ ಪ್ರಕಾರ ಹೊಸದಾಗಿ ಕತ್ತರಿಸಿಕೊಡುತ್ತೇನೆ ಎಂದ ಇರ್ಫಾನ್. "ಇಲ್ಲಾಂದ್ರೆ ಪಕ್ಕದ್ದನ್ನೇ ಟ್ರಿಮ್ ಮಾಡಿ ನಿಜವಾದ ಏಳಡಿಗೆ ತರ್ಲಾ, ಸಾರ್?"

ನನ್ನ ಮತ ಎರಡನೆಯದಕ್ಕೆ ಇತ್ತು. ನಕ್ಷೆಯಲ್ಲಿ ಏಳಡಿ ಎಂದಿದ್ದರೆ ಏಳಡಿಯೇ ಇರಬೇಕು.

"ಬೇಡ," ಅಂದರು ಇವರು. ಎದ್ದು, ಗೋಡೆ ಹಿಡಿದುಕೊಂಡು, ದೋಣಿಯ ಹತ್ತಿರ ಬಂದರು. ಎಡ ಅಂಗೈಯಿಂದ ಅದರ ಹೊಟ್ಟೆ ಸವರಿದರು. "ಜಾಸ್ತೀನೇ ಇರ್ಲಿ."

ಸೆಲ್ವಿ ಕಾಫಿ ತರಲು ಹೋದಳು. ಇವರು ಮೂತಿಯ ಬಳಿಯಲ್ಲಿ ಒಂದು ಕಡೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು. ಅಲ್ಲಿ ನನ್ನ ಗೆರೆ ಬಾಗುವ ಬದಲು ಮುರಿದಂತೆ ಕಾಣುತ್ತಿತ್ತು. "ಪೆನ್ಸಿಲ್," ಅಂದರು.

ಮೇಜಿನ ಮೇಲಿದ್ದ ಪೆನ್ಸಿಲ್ ಕೊಟ್ಟೆ. ಅದಲ್ಲ ಎಂದು ತಲೆಯಾಡಿಸಿದರು. ಅವರಿಗೆ ಬೇಕಾದದ್ದು ಮರಗೆಲಸದ ಚಪ್ಪಟೆ ಕೆಂಪು ಪೆನ್ಸಿಲ್. ಮೊದಲೆಲ್ಲ ಅದನ್ನು ಕಿವಿಯ ಹಿಂದೆ ಇಟ್ಟುಕೊಂಡು, ಹಾಸಿಗೆಯ ಮೇಲೆ ಕೂತು, ಪತ್ರಿಕೆಯ ಅಂಕಿಗಳ ಒಗಟು ಬಿಡಿಸುತ್ತಿದ್ದರು. ಆಸ್ಪತ್ರೆಯಿಂದ ಬಂದಮೇಲೆ ನಾನು ಅದನ್ನು ಕಂಡಿರಲಿಲ್ಲ. ಈ ವರ್ಷ ಹಬ್ಬಕ್ಕೆ ಹಾಸಿಗೆಯನ್ನೂ ಎತ್ತಿರಲಿಲ್ಲ.

ಎಲ್ಲಿರಬಹುದು ಎಂದು ನಿಮಗೆ ಗೊತ್ತಾಗಿದೆ. ಒಳಗೆ ಹೋಗಿ ಕಾಲುಕಡೆಯ ಸಂದಿನೊಳಗೆ ಬೆರಳು ಇಳಿಸಿದೆ. ಒಂದು ಹೇರ್‌ಪಿನ್ನು, ಒಂದು ಮಾತ್ರೆಯ ಹಾಳೆ, ಆಮೇಲೆ ಪೆನ್ಸಿಲ್. ಸಂದು ಇನ್ನೂ ಕಿರಿದಾಗಿದ್ದಿದ್ದರೆ ನನ್ನ ಬೆರಳು ಹೋಗುತ್ತಿರಲಿಲ್ಲ.

ತಂದು ಕೊಟ್ಟೆ. ಇವರ ಕಣ್ಣು ಮೂತಿಯ ಗೆರೆಯ ಮೇಲೆಯೇ ಇತ್ತು. ನನ್ನ ಕಡೆ ನೋಡದೆ, ಹಲಗೆ ಅಲುಗದಂತೆ ಎಡಗೈಯಿಂದ ಒತ್ತಿ ಹಿಡಿದುಕೊಂಡೇ, ಕೈ ಚಾಚಿ ಪೆನ್ಸಿಲ್ ತೆಗೆದುಕೊಂಡರು. ನಡುಗುವ ಒಂದು ಗೆರೆ ಎಳೆದರು. ತೃಪ್ತಿಯಾಗಲಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಎಳೆದರು.

ಯಾವ ಕೈ ಎಂದು ಮೊದಲು ನೋಡಿದ್ದು ಶ್ರುತಿ. ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಉಸಿರು ಬಿಡಲಿಲ್ಲ. ಇವರಿಗೆ ಹೇಳಲೂ ಇಲ್ಲ.